ಹೊಸ ಗ್ರಾಫಿಕ್ಸ್ ಕಾರ್ಡ್‌ಗೆ ಹಳೆ ಎಸ್‌ಎಂಪಿಎಸ್ ಸಾಕೇ?

ಗ್ರಾಫಿಕ್ಸ್ ಕಾರ್ಡ್ ಬದಲಿಸಿದವರು ಹೇಳುವ ದೂರು ಹೆಚ್ಚುಕಮ್ಮಿ ಒಂದೇ. ಬ್ರೌಸಿಂಗ್ ಮಾಡುವಾಗ, ಸಿನಿಮಾ ನೋಡುವಾಗ ಏನೂ ತೊಂದರೆ ಇಲ್ಲ. ಗೇಮ್ ಶುರುವಾಗಿ ಸ್ವಲ್ಪ ಹೊತ್ತಿಗೆ ಕಂಪ್ಯೂಟರ್ ದಿಢೀರನೆ ಆಫ್, ಇಲ್ಲವೇ ತಾನಾಗಿಯೇ ರೀಸ್ಟಾರ್ಟ್. ಕಾರ್ಡೇ ಸರಿ ಇಲ್ಲ ಅಂದುಕೊಂಡು ಡ್ರೈವರ್ ತೆಗೆದು ಹಾಕಿ ಸುಸ್ತಾಗಿರುತ್ತಾರೆ. ನಾನು ಮೊದಲು ನೋಡುವುದು ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರ್ ಭಾಗಗಳಿಗೆ ಹದಮಾಡಿ ಕೊಡುವ ಪೆಟ್ಟಿಗೆಯ ಮೇಲಿನ ಸ್ಟಿಕ್ಕರ್.

ಅಲ್ಲಿ ದಪ್ಪಕ್ಷರದಲ್ಲಿರುವ 450, 500 ಎಂಬ ಸಂಖ್ಯೆಯನ್ನು ಸದ್ಯಕ್ಕೆ ಬಿಡಿ. ಕೆಳಗೆ ಒಂದು ಪುಟ್ಟ ಪಟ್ಟಿ ಇರುತ್ತದೆ. 3.3, 5, 12 ವೋಲ್ಟ್‌ಗೆ ತಲಾ ಎಷ್ಟು ಆಂಪಿಯರ್ ಎಂದು ಅದರಲ್ಲಿ ಬರೆದಿರುತ್ತಾರೆ. ಪ್ರೊಸೆಸರ್‌ಗೂ ಗ್ರಾಫಿಕ್ಸ್ ಕಾರ್ಡ್‌ಗೂ ಬೇಕಾದ ಕರೆಂಟ್ ಬಹುಪಾಲು ಬರುವುದು 12 ವೋಲ್ಟ್ ಸಾಲಿನಿಂದ. ಆ ಆಂಪಿಯರನ್ನು 12ರಿಂದ ಗುಣಿಸಿ. ಒಳ್ಳೆಯ 650 ವಾಟ್ ಎಸ್‌ಎಂಪಿಎಸ್‌ನಲ್ಲಿ 54 ಆಂಪಿಯರ್ ಇರುತ್ತದೆ, ಅಂದರೆ 648 ವಾಟ್. ಕ್ಯಾಬಿನೆಟ್ ಜೊತೆ ಬಂದ, 450 ಎಂದು ಬರೆದ ಅಗ್ಗದ ಎಸ್‌ಎಂಪಿಎಸ್‌ನಲ್ಲಿ 18 ಆಂಪಿಯರ್ ಇದ್ದರೆ? ಬರೀ 216 ವಾಟ್. 12 ವೋಲ್ಟ್‌ಗೆ ಎರಡು ಸಾಲು ಇದ್ದರೆ ಸುಮ್ನೆ ಕೂಡಿಸಬೇಡಿ. ಎರಡೂ ಸೇರಿ ಎಷ್ಟು ವಾಟ್ ಎಂದು ಬರೆದಿರುತ್ತದಲ್ಲ, ಅದೇ ಲೆಕ್ಕ.

ಈಗ ಖರ್ಚಿನ ಕಡೆ ನೋಡೋಣ. ಇಂಟೆಲ್ ಐ5-12400ಎಫ್ ಪ್ರೊಸೆಸರ್ ಜೋರಾಗಿ ದುಡಿಯುವಾಗ 117 ವಾಟ್‌ವರೆಗೆ ಎಳೆಯುತ್ತದೆ. ಆರ್‌ಟಿಎಕ್ಸ್ 4060 ಕಾರ್ಡ್‌ಗೆ 115. ಮದರ್‌ಬೋರ್ಡ್, ಎಸ್‌ಎಸ್‌ಡಿ, ಫ್ಯಾನ್ ಎಲ್ಲಕ್ಕೂ 60 ಇಟ್ಟುಕೊಂಡರೆ ಒಟ್ಟು 290ರ ಆಸುಪಾಸು. ಅದೇ ಮಷಿನ್‌ಗೆ ಆರ್‌ಟಿಎಕ್ಸ್ 5070 ಹಾಕಿದರೆ ಕಾರ್ಡೊಂದೇ 250. ಒಟ್ಟು 425 ದಾಟುತ್ತದೆ. ಈ ಕಾರ್ಡ್‌ಗಳ ಕಂಪನಿ ಎನ್‌ವಿಡಿಯಾ ಮೊದಲನೆಯದಕ್ಕೆ 550, ಎರಡನೆಯದಕ್ಕೆ 650 ವಾಟ್ ಎಸ್‌ಎಂಪಿಎಸ್ ಇರಲಿ ಎನ್ನುತ್ತದೆ. ಅಷ್ಟು ಜಾಸ್ತಿ ಯಾಕೆ ಅನ್ನಿಸುತ್ತದೆ ಅಲ್ವಾ? ಕಾರ್ಡ್ ಒಂದೇ ಸಮನೆ ಕರೆಂಟ್ ಎಳೆಯುವುದಿಲ್ಲ. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತಿನಲ್ಲಿ ಎರಡು ಪಟ್ಟು ಜಿಗಿದು ಇಳಿಯಬಹುದು. ಬಡಪಾಯಿ ಎಸ್‌ಎಂಪಿಎಸ್ ಆ ಜಿಗಿತವನ್ನು ಓವರ್‌ಲೋಡ್ ಎಂದು ತಿಳಿದು ಆಫ್ ಆಗುತ್ತದೆ. ಎಸ್‌ಎಂಪಿಎಸ್ ಹೇಗಿರಬೇಕು ಎಂದು ಹೇಳುವ 2022ರ ಎಟಿಎಕ್ಸ್ 3.0 ನಿಯಮದಲ್ಲಿ, 450 ವಾಟ್‌ಗಿಂತ ದೊಡ್ಡ ಎಸ್‌ಎಂಪಿಎಸ್ 100 ಮೈಕ್ರೊಸೆಕೆಂಡ್ ಹೊತ್ತು ಎರಡು ಪಟ್ಟು ಭಾರ ತಾಳಬೇಕು ಎಂದಿದೆ. ಹೊಸದು ಕೊಳ್ಳುವವರು ಇದನ್ನು ಕೇಳಿ ಕೊಳ್ಳಿ. ಎಸ್‌ಎಂಪಿಎಸ್ ಮೇಲಿನ 80 ಪ್ಲಸ್ ಗುರುತು ದಕ್ಷತೆಯನ್ನಷ್ಟೇ ಹೇಳುತ್ತದೆ, ಈ ಜಿಗಿತ ತಾಳುತ್ತದೆಯೇ ಎಂದಲ್ಲ.

ಇನ್ನು ಕೇಬಲ್. ಕಾರ್ಡ್‌ಗೆ ಅದು ಕೂರುವ ಮದರ್‌ಬೋರ್ಡ್ ಸ್ಲಾಟ್‌ನಿಂದ 75 ವಾಟ್ ಸಿಗುತ್ತದೆ, ಎಸ್‌ಎಂಪಿಎಸ್‌ನ 6 ಪಿನ್ ಕೇಬಲ್‌ನಿಂದ 75, 8 ಪಿನ್‌ನದರಿಂದ 150. ಎಸ್‌ಎಂಪಿಎಸ್‌ನಲ್ಲಿ ಈ ಕೇಬಲ್ ಇಲ್ಲ ಎಂದರೆ ಅದು ಇಂಥ ಕಾರ್ಡ್‌ಗಾಗಿ ಮಾಡಿದ್ದಲ್ಲ ಎಂದೇ ತಿಳಿಯಿರಿ. ಹಾರ್ಡ್ ಡಿಸ್ಕ್‌ನ ಸಾಟಾ ಕೇಬಲ್‌ಗೆ ಅಡಾಪ್ಟರ್ ಸಿಕ್ಕಿಸಿ ಕಾರ್ಡ್ ಓಡಿಸುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಸಾಟಾ ಕನೆಕ್ಟರ್ ತಾಳುವುದು 12 ವೋಲ್ಟ್‌ನಲ್ಲಿ 54 ವಾಟ್ ಮಾತ್ರ. ಅದಕ್ಕಿಂತ ಹೆಚ್ಚು ಎಳೆದರೆ ಪ್ಲಾಸ್ಟಿಕ್ ಕರಗಬಹುದು. ಎಸ್‌ಎಂಪಿಎಸ್‌ನಿಂದ ಕಳಚಿ ಹಾಕಬಹುದಾದ ಮಾಡ್ಯುಲರ್ ಕೇಬಲ್ ವಿಷಯದಲ್ಲಂತೂ ಕೈ ಮುಗಿದು ಕೇಳುತ್ತೇನೆ: ಒಂದು ಕಂಪನಿಯದನ್ನು ಇನ್ನೊಂದಕ್ಕೆ ಹಾಕಬೇಡಿ. ಕಾರ್ಡ್ ಕಡೆಯ ಪಿನ್ ಎಲ್ಲರದೂ ಒಂದೇ, ಎಸ್‌ಎಂಪಿಎಸ್ ಕಡೆಯದು ಹಾಗಲ್ಲ. ಸಲೀಸಾಗಿ ಕೂರುತ್ತದೆ, ಸ್ವಿಚ್ ಹಾಕಿದ ಕ್ಷಣ ಬೋರ್ಡ್ ಸುಡಬಹುದು. ಹೊಸ 12 ಪ್ಲಸ್ 4 ಪಿನ್ ಕನೆಕ್ಟರ್ ಆದರೆ ಕೊನೆಯವರೆಗೂ ಒತ್ತಿ, ಬುಡದಲ್ಲೇ ಬಗ್ಗಿಸಬೇಡಿ.

ಆಫೀಸಿನಿಂದ ಹೊರಬಿದ್ದ ಸೆಕೆಂಡ್ ಹ್ಯಾಂಡ್ ಬ್ರ್ಯಾಂಡೆಡ್ ಡೆಸ್ಕ್‌ಟಾಪ್ ಕೊಂಡ ವಿದ್ಯಾರ್ಥಿಗಳಿಗೆ ಬೇರೆ ಕಷ್ಟ. ಅಂಥ ಸಣ್ಣ ಪೆಟ್ಟಿಗೆಗಳ ಎಸ್‌ಎಂಪಿಎಸ್ ಆಯಾ ಕಂಪನಿಯದೇ ಅಳತೆಯದು, ಮಾರುಕಟ್ಟೆಯದು ಕೂರುವುದಿಲ್ಲ. ಅವರಿಗೆ ನಾನು ಹೇಳುವುದು ಆರ್‌ಟಿಎಕ್ಸ್ 3050ರ 6 ಜಿಬಿ ಕಾರ್ಡ್. 70 ವಾಟ್ ಸಾಕು, ಸಾಮಾನ್ಯವಾಗಿ ಸ್ಲಾಟ್‌ನಿಂದಲೇ ನಡೆಯುತ್ತದೆ.

ಎಸ್‌ಎಂಪಿಎಸ್ ಸರಿಯಾದ ಮೇಲೂ ಕರೆಂಟ್ ಹೋದಾಗ ಮಷಿನ್ ನಿಂತರೆ ಯುಪಿಎಸ್ ನೋಡಿ. ಮನೆಗಳಲ್ಲಿರುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವಾಟ್. ಮೇಲೆ ಹೇಳಿದ 290 ವಾಟ್‌ನ ಮಷಿನ್ ಗೋಡೆಯಿಂದ 340ರಷ್ಟು ಎಳೆಯುತ್ತದೆ, ಮಾನಿಟರ್ ಬೇರೆ. ಅಲ್ಲಿಗೆ ಮುಗಿಯಿತು. 1100 ವಿಎಯದು ಹಾಕಿದರೆ ಗೇಮ್ ಸೇವ್ ಮಾಡಿ ನಿಧಾನವಾಗಿ ಶಟ್‌ಡೌನ್ ಮಾಡುವಷ್ಟು ಸಮಯ ಸಿಗುತ್ತದೆ.