ಡ್ರೌಗಳ ಗಲಾಟೆ: ಒಂದು ಕಲ್ಪಿತ ಕುಲದ ಮೇಲೆ ಇಷ್ಟು ಜಗಳ ಯಾಕೆ?

ಡ್ರೌ ಎಂಬ ಹೆಸರನ್ನು ಈಚೆಗಷ್ಟೇ ಕೇಳಿದವರಿಗೆ ತಲೆ ಕೆಡುವುದು ಸಹಜ. ಒಬ್ಬರು ಅವರನ್ನು ಆಟದಿಂದಲೇ ಕಿತ್ತುಹಾಕಿದರು ಅನ್ನುತ್ತಾರೆ. ಇನ್ನೊಬ್ಬರು ನಿನ್ನೆ ರಾತ್ರಿಯೂ ಬಾಲ್ಡರ್ಸ್ ಗೇಟ್ 3 ಎಂಬ ಕಂಪ್ಯೂಟರ್ ಆಟದಲ್ಲಿ ಡ್ರೌ ಆಗಿಯೇ ಆಡಿರುತ್ತಾರೆ. ಇದೆಲ್ಲ ಮೈಬಣ್ಣದ ರಾಜಕೀಯ ಎಂದು ಮೂರನೆಯವರು, ಅಲ್ಲ, ಲೈಸೆನ್ಸ್ ತಕರಾರು ಎಂದು ನಾಲ್ಕನೆಯವರು. ತಮಾಷೆ ಏನೆಂದರೆ ನಾಲ್ವರೂ ಹೇಳುತ್ತಿರುವುದು ಒಂದಷ್ಟು ನಿಜವೇ. ಬೇರೆ ಬೇರೆ ಕಂಪನಿಗಳಲ್ಲಿ, ಬೇರೆ ಬೇರೆ ಕಾರಣಕ್ಕೆ ನಡೆದದ್ದೆಲ್ಲ ಈಗ ಒಂದೇ ಗಂಟಾಗಿದೆ.

ಮೊದಲು ಇವರು ಯಾರು ಅಂತ ನೋಡೋಣ. ಡಂಜನ್ಸ್ ಆಂಡ್ ಡ್ರಾಗನ್ಸ್ ಎಂಬ, ಮೇಜಿನ ಸುತ್ತ ಕೂತು ಆಡುವ ಕಥೆಯಾಟದಲ್ಲಿ ನೆಲದಡಿಯ ಗವಿನಗರಗಳಲ್ಲಿ ಬದುಕುವ ಎಲ್ಫ್‌ಗಳೇ ಡ್ರೌಗಳು. ಎಲ್ಫ್ ಎಂದರೆ ಮನುಷ್ಯರನ್ನು ಹೋಲುವ, ಮಾಯಾಶಕ್ತಿಯ ಕಲ್ಪಿತ ಕುಲ. ಕಪ್ಪು ಮೈ, ಬಿಳಿ ಕೂದಲು. ಆಳುವವರು ಹೆಂಗಸರು. ದೇವತೆ ಜೇಡರೂಪದ ಲೋಲ್ತ್. ಹುಟ್ಟಿದ ಮನೆತನ ಯಾವುದು, ಹುಟ್ಟಿದ್ದು ಹೆಣ್ಣೋ ಗಂಡೋ ಎಂಬುದರ ಮೇಲೆ ಇಡೀ ಬದುಕು ಗೊತ್ತಾಗಿಬಿಡುತ್ತದೆ.

13ನೇ ಶತಮಾನದ ಐಸ್‌ಲ್ಯಾಂಡಿನ ಪುರಾಣ ಸಂಗ್ರಹದಲ್ಲೇ ನೆಲದಡಿಯ ಕಪ್ಪು ಎಲ್ಫ್‌ಗಳ ಮಾತು ಬರುತ್ತದೆ. ಆಟ ಶುರುವಾದದ್ದು 1974ರಲ್ಲಿ. 1977ರಲ್ಲಿ ಬಂದ, ಆಟದ ಜೀವಿಗಳ ಕೈಪಿಡಿಯಾದ ಮಾನ್‌ಸ್ಟರ್ ಮ್ಯಾನ್ಯುಯಲ್‌ನಲ್ಲಿ ಡ್ರೌಗಳು ಬರೀ ದಂತಕಥೆ ಎಂಬ ಒಂದೆರಡು ಸಾಲು. ಮರುವರ್ಷವೇ ಆಟದ ಜನಕರಲ್ಲೊಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಬರೆದ ಸಾಹಸಕಥೆಗಳಲ್ಲಿ ಅವರು ನಿಜವಾಗಿ ಎದುರಾದರು. ದೈತ್ಯರನ್ನು ಬೆನ್ನಟ್ಟಿ ಹೋದ ಆಟಗಾರರಿಗೆ, ದೈತ್ಯರ ಹಿಂದೆ ನಿಂತು ದಾರ ಎಳೆಯುತ್ತಿದ್ದವರು ಇವರು ಅಂತ ಗೊತ್ತಾಯಿತು. ಹೆಣ್ಣು ಡ್ರೌಗಳಿಗೆ ಗಂಡಸರಿಗಿಂತ ಜಾಸ್ತಿ ಮಾಯಾಶಕ್ತಿ ಎಂಬುದು ಆಗಲೇ ನಿಯಮದಲ್ಲಿತ್ತು. 1985ರ ಹೊತ್ತಿಗೆ ಆಟಗಾರರೇ ಡ್ರೌ ಪಾತ್ರ ಕಟ್ಟಿಕೊಳ್ಳಬಹುದು ಎಂದಾಯಿತು.

ಆದರೂ ಅಲ್ಲಿಯವರೆಗೆ ಅವರು ಶತ್ರುಗಳಷ್ಟೇ. ಅವರಿಗೆ ಮನೆ, ಶಾಲೆ, ಸಂಸಾರ ಕೊಟ್ಟದ್ದು ಮುಂದಿನ ಐದು ವರ್ಷ.

1988ರಲ್ಲಿ ಈ ಆಟದ ಲೋಕದಲ್ಲೇ ನಡೆಯುವ, ಆರ್. ಎ. ಸಾಲ್ವಟೋರ್ ಅವರ ಮೊದಲ ಕಾದಂಬರಿ ಬಂತು. ನಾಯಕನ ಪಕ್ಕಕ್ಕೊಬ್ಬ ಜೊತೆಗಾರ ಬೇಕು ಎಂದು ಸಂಪಾದಕರು ಫೋನ್ ಮಾಡಿದಾಗ, ಆ ಕ್ಷಣಕ್ಕೆ ತೋಚಿದ್ದು ಒಬ್ಬ ಡ್ರೌ ಎಂದು ಅವರೇ ಹಲವು ಸಲ ಹೇಳಿಕೊಂಡಿದ್ದಾರೆ. ಆ ಜೊತೆಗಾರನ ಹೆಸರು ಡ್ರಿಜ್ಟ್. ಓದುಗರು ನಾಯಕನನ್ನು ಬಿಟ್ಟು ಇವನ ಹಿಂದೆಯೇ ಹೋದರು. 1990ರ ಹೋಮ್‌ಲ್ಯಾಂಡ್ ಕಾದಂಬರಿ ಇವನ ಬಾಲ್ಯದ ಕಥೆ. ಆ ಕಥೆಗಾಗಿ ಮೆನ್ಜೊಬೆರಾನ್‌ಜನ್ ಎಂಬ ಇಡೀ ಊರನ್ನೇ ಕಟ್ಟಬೇಕಾಯಿತು. ನನ್ನ ಮಟ್ಟಿಗೆ ಇಡೀ ವಿವಾದದ ಬೇರು ಇರುವುದು ಈ ಊರಿನಲ್ಲಿ.

ಇಪ್ಪತ್ತು ಸಾವಿರ ಡ್ರೌಗಳ ನಗರ ಅದು. ಬಿಸಿಲಿಲ್ಲ, ಆದ್ದರಿಂದ ಹಗಲು ರಾತ್ರಿ ಇಲ್ಲ. ದೊಡ್ಡ ಕಲ್ಲಿನ ಕಂಬವೊಂದನ್ನು ಊರಿನ ಮುಖ್ಯ ಮಾಂತ್ರಿಕ ದಿನಾ ಕಾಯಿಸುತ್ತಾನೆ. ಬಿಸಿ ಎಷ್ಟು ಮೇಲೇರಿದೆ ಎಂದು ನೋಡಿ ಹೊತ್ತು ತಿಳಿಯಬೇಕು. ಮನೆತನಗಳಿಗೆ ಒಂದು, ಎರಡು, ಮೂರು ಎಂದು ಸಾಲಾಗಿ ಸ್ಥಾನ ಉಂಟು. ಮೊದಲ ಎಂಟು ಮನೆಗಳ ಯಜಮಾನಿಯರು ಕೂತ ಸಭೆಯೇ ಸರ್ಕಾರ. ಮೊದಲ ಸ್ಥಾನದಲ್ಲಿ ಬೇನ್ರೆ ಮನೆತನ.

ಹೆಣ್ಣುಮಕ್ಕಳು ಪೂಜಾರಿಣಿಯರಾಗುತ್ತಾರೆ, ಅಧಿಕಾರ ಅಲ್ಲಿದೆ. ಗಂಡುಮಕ್ಕಳಿಗೆ ಕತ್ತಿ ಇಲ್ಲವೇ ಮಂತ್ರ. ಮೂರಕ್ಕೂ ಬೇರೆ ಬೇರೆ ಶಾಲೆ. ಚಿಕ್ಕ ಹುಡುಗರು ದೊಡ್ಡ ಹೆಂಗಸರ ಮುಖ ನೋಡುವಂತಿಲ್ಲ, ಕಣ್ಣು ನೆಲದ ಮೇಲಿರಬೇಕು. ತಲೆ ಎತ್ತಿದರೆ ಹಾವಿನ ಹೆಡೆಗಳ ಚಾಟಿಯೇಟು. ಮೂರನೆಯ ಗಂಡುಮಗು ಹುಟ್ಟಿದರೆ ಲೋಲ್ತ್‌ಗೆ ಬಲಿ. ಡ್ರಿಜ್ಟ್ ಬದುಕಿದ್ದು, ಅವನು ಹುಟ್ಟಿದ ರಾತ್ರಿಯೇ ಒಬ್ಬ ಅಣ್ಣ ಇನ್ನೊಬ್ಬ ಅಣ್ಣನನ್ನು ಕೊಂದ ಕಾರಣಕ್ಕೆ. ಮೂರನೆಯವನು ಎರಡನೆಯವನಾದ. ದೇವತೆಗೂ ಲೆಕ್ಕ ಸರಿಹೋಯಿತು.

ಅದೇ ರಾತ್ರಿ ಹತ್ತನೆಯ ಸ್ಥಾನದಲ್ಲಿದ್ದ ಅವನ ಮನೆತನ ನಾಲ್ಕನೆಯ ಮನೆತನವನ್ನು ಸಂಪೂರ್ಣ ನಾಶ ಮಾಡಿ ಒಂಬತ್ತಕ್ಕೇರಿತು. ಇದು ಅಪರಾಧವೇ? ಅಲ್ಲಿನ ಕಾನೂನು ಕುತೂಹಲಕಾರಿ. ದೂರು ಕೊಡಲು ಆ ಮನೆಯ ಕುಲೀನರಲ್ಲಿ ಒಬ್ಬರಾದರೂ ಉಳಿದಿದ್ದರೆ ಅಪರಾಧ, ದಾಳಿ ಮಾಡಿದವರಿಗೆ ಸರ್ವನಾಶ. ಯಾರೂ ಉಳಿಯದಿದ್ದರೆ ಏನೂ ನಡೆದೇ ಇಲ್ಲ. ಎಲ್ಲರಿಗೂ ಗೊತ್ತಿರುತ್ತದೆ, ಯಾರೂ ಬಾಯಿ ಬಿಡುವುದಿಲ್ಲ. ಎಲ್ಲಕ್ಕಿಂತ ಕೆಳಗೆ ಗಾಬ್ಲಿನ್ ಮುಂತಾದ ಗುಲಾಮರು. ಅವರ ದೂರು ಕೇಳುವ ಪ್ರಶ್ನೆಯೇ ಬರುವುದಿಲ್ಲ.

ಇದನ್ನೆಲ್ಲ ಓದುವಾಗ ಅಮೆರಿಕದ ಓದುಗನಿಗೆ ಮೊದಲು ಕಣ್ಣಿಗೆ ಬಿದ್ದದ್ದು ಮೈಬಣ್ಣ. ಅದು ಸರಿಯೇ, ಅಲ್ಲಿನ ಚರಿತ್ರೆ ಹಾಗಿದೆ. ನಮ್ಮ ಕಡೆಯವರಿಗೆ ಮೊದಲು ಕಾಣುವುದು ಮನೆತನದ ಮೆಟ್ಟಿಲು. ಮನೆ ತಾಯಿಯ ಕಡೆಯಿಂದ ನಡೆಯುವುದು ಅಳಿಯಕಟ್ಟು ಕಂಡ ಕರಾವಳಿಯವರಿಗೆ ವಿಚಿತ್ರವೂ ಅಲ್ಲ, ಭಯಾನಕವೂ ಅಲ್ಲ. ಅಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಹರಿದರೂ ಯಜಮಾನಿಕೆ ಬಹಳ ಸಲ ಸೋದರಮಾವನ ಕೈಯಲ್ಲೇ ಇರುತ್ತಿತ್ತು. ಡ್ರೌ ನಗರ ಯಾವುದೇ ನಿಜವಾದ ಮಾತೃಮೂಲ ಪದ್ಧತಿಯ ಹಾಗಿಲ್ಲ. ಅದು ಗಂಡಾಳ್ವಿಕೆಯನ್ನೇ ತಲೆಕೆಳಗು ಮಾಡಿ, ಕ್ರೌರ್ಯವನ್ನು ನಾಲ್ಕು ಪಟ್ಟು ಮಾಡಿದ ಚಿತ್ರ. ಹೆಂಗಸರು ಆಳಿದರೆ ಹೀಗಾಗುತ್ತದೆ ಎಂಬ ಹಳೆಯ ಭಯ ಅದರಲ್ಲಿ ಇಲ್ಲ ಅನ್ನಲು ನನಗಂತೂ ಆಗುವುದಿಲ್ಲ. ಪ್ರೀತಿಯಿಂದ, ಬುದ್ಧಿವಂತಿಕೆಯಿಂದ ಬರೆದ ಕಥೆಯಲ್ಲೂ ಅದು ಬಂದು ಕೂರಬಹುದು.

ಮುಂದಿನ ಮೂವತ್ತು ವರ್ಷ ಕಾದಂಬರಿ, ನಕ್ಷೆ, ಕಂಪ್ಯೂಟರ್ ಆಟಗಳ ಸುಗ್ಗಿ. ಕಂಪನಿ ಕೈ ಬದಲಾಯಿತು, ನಿಯಮಗಳು ಬದಲಾದವು, ಡ್ರೌಗಳು ಹಾಗೇ ಉಳಿದರು. ಅವರು ಕಪ್ಪಗಿರುವುದಕ್ಕೆ ಕಥೆ ಕೊಡುವ ಕಾರಣವೂ ಉಳಿಯಿತು: ಎಲ್ಫ್‌ಗಳ ದೇವರ ಶಾಪ. ಬೆಳಕೇ ಕಾಣದ ಗವಿಯ ಜೀವಿಗಳು ನಿಜಲೋಕದಲ್ಲಿ ಬಿಳಿಚಿಕೊಳ್ಳುತ್ತವೆ. ಇಲ್ಲಿ ಮಾತ್ರ ಕಪ್ಪು ಎಂದರೆ ಶಿಕ್ಷೆ. ಈ ಮಾತು ಯಾವತ್ತೋ ಒಂದು ದಿನ ಸಿಡಿಯಲೇಬೇಕಿತ್ತು.

ಸಿಡಿದದ್ದು 2020ರಲ್ಲಿ. ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಸಾವು, ಆಮೇಲೆ ಅಮೆರಿಕದ ತುಂಬ ಪ್ರತಿಭಟನೆ. ಜೂನ್ 17ಕ್ಕೆ ಆಟದ ಒಡೆತನ ಇರುವ ವಿಜರ್ಡ್ಸ್ ಆಫ್ ದಿ ಕೋಸ್ಟ್ ಹೇಳಿಕೆ ಕೊಟ್ಟಿತು. ಓರ್ಕ್ ಎಂಬ ಇನ್ನೊಂದು ಕಲ್ಪಿತ ಕುಲವನ್ನೂ ಡ್ರೌಗಳನ್ನೂ ಹುಟ್ಟು ಕೇಡಿಗರಂತೆ ಬಣ್ಣಿಸಿದ ರೀತಿ, ನಿಜ ಜನರನ್ನು ಹೀಗಳೆಯುವ ಮಾತುಗಳನ್ನೇ ನೆನಪಿಸುತ್ತದೆ ಎಂದು ಒಪ್ಪಿಕೊಂಡಿತು. ಅದೇ ತಿಂಗಳು ಕಮ್ಯುನಿಟಿ ಎಂಬ ಟಿವಿ ಹಾಸ್ಯ ಸರಣಿಯ 2011ರ ಒಂದು ಕಂತನ್ನು ನೆಟ್‌ಫ್ಲಿಕ್ಸ್ ತೆಗೆದುಹಾಕಿತು. ಒಬ್ಬ ಪಾತ್ರಧಾರಿ ಡ್ರೌ ವೇಷಕ್ಕೆಂದು ಮುಖಕ್ಕೆ ಕಪ್ಪು ಬಳಿದುಕೊಂಡಿದ್ದೇ ಕಾರಣ. ಎರಡೂ ಬೇರೆ ಸಂಗತಿ, ಆದರೆ ಜನರ ನೆನಪಿನಲ್ಲಿ ಒಂದಾಗಿಬಿಟ್ಟವು.

2021ರಲ್ಲಿ ಸಾಲ್ವಟೋರ್ ಅವರ ಹೊಸ ಕಾದಂಬರಿಯಲ್ಲಿ ದೂರದ ಹಿಮನಾಡಿನಲ್ಲಿ ಲೋಲ್ತ್ ಹೆಸರೇ ಇಲ್ಲದ ಡ್ರೌ ನಗರವೊಂದು ಕಾಣಿಸಿತು. ಅಲ್ಲಿ ಓರ್ಕ್‌ಗಳೂ ಕುಬ್ಜರೂ ಸರಿಸಮ. 2022ರ ಡಿಸೆಂಬರ್‌ನಲ್ಲಿ ಆಟದ ನಿಯಮಗಳಲ್ಲಿ ಇಂಥ ಕುಲಗಳಿಗೆ ಬಳಸುತ್ತಿದ್ದ ‘ರೇಸ್’ ಎಂಬ ಪದ ಕೈಬಿಡುವುದಾಗಿ ಕಂಪನಿ ಹೇಳಿತು.

ಹಾಗಾದರೆ ಕಿತ್ತುಹಾಕಿದ್ದು ಯಾರು? ಅದು ಇನ್ನೊಂದು ಆಟ, ಪಾತ್‌ಫೈಂಡರ್. ವರ್ಷಗಟ್ಟಲೆ ಅದು ಡಂಜನ್ಸ್ ಆಂಡ್ ಡ್ರಾಗನ್ಸ್‌ನ ಮುಕ್ತ ಲೈಸೆನ್ಸ್, ಅಂದರೆ ಅದರ ನಿಯಮಗಳನ್ನು ಬೇರೆಯವರೂ ಬಳಸಲು ಕೊಟ್ಟ ಅನುಮತಿ, ನಂಬಿ ಬೆಳೆದಿತ್ತು. 2023ರ ಜನವರಿಯಲ್ಲಿ ಆ ಲೈಸೆನ್ಸನ್ನು ಬದಲಿಸುವ ಕರಡು ಸೋರಿಕೆಯಾಯಿತು, ಆಟಗಾರರು ರೊಚ್ಚಿಗೆದ್ದರು, ತಿಂಗಳೊಳಗೆ ಪ್ರಸ್ತಾಪ ಹಿಂದೆ ಹೋಯಿತು. ಆದರೆ ನಂಬಿಕೆ ವಾಪಸ್ ಬರಲಿಲ್ಲ. ಪಾತ್‌ಫೈಂಡರ್‌ನವರು ಅದೇ ವರ್ಷ ತಮ್ಮ ನಿಯಮಗಳನ್ನು ಹೊಸದಾಗಿ ಬರೆದು ಡ್ರೌಗಳನ್ನು ಬಿಟ್ಟರು. ಮುಖ್ಯ ಕಾರಣ ವಕೀಲರ ಭಯ. ಬಣ್ಣದ ಚರ್ಚೆಯನ್ನು ಇದಕ್ಕೆ ಅಂಟಿಸಿದ್ದು ಆಮೇಲಿನ ಗಾಳಿಮಾತು.

ಅದೇ 2023ರ ಆಗಸ್ಟ್‌ನಲ್ಲಿ ಬಾಲ್ಡರ್ಸ್ ಗೇಟ್ 3 ಬಂತು. ಅದರಲ್ಲಿ ಡ್ರೌಗಳಿದ್ದಾರೆ, ಲೋಲ್ತ್ ಭಕ್ತರೂ ಇದ್ದಾರೆ, ಬಿಟ್ಟು ಬಂದವರೂ ಇದ್ದಾರೆ. ಬೇನ್ರೆ ಮನೆತನದ ಮಿನ್ತಾರಾ ಎಂಬ ಕಠಿಣ ಸೇನಾನಿಗೆ ಅಭಿಮಾನಿಗಳ ದಂಡೇ ಹುಟ್ಟಿತು. 2024ರ ಹೊಸ ನಿಯಮಪುಸ್ತಕದಲ್ಲಿ ಡ್ರೌ ಎಂದರೆ ಎಲ್ಫ್‌ಗಳ ಒಂದು ಕವಲು, ಅಷ್ಟೇ. ಬಿಸಿಲಿಗೆ ಹೆದರುವ ದೌರ್ಬಲ್ಯವೂ ಹೋಯಿತು.

ಬಣ್ಣದ ಪ್ರಶ್ನೆಗೆ ಹೀಗೆ ಒಂದು ಉತ್ತರ ಸಿಕ್ಕಿದೆ. ಈಚಿನ ಕಾದಂಬರಿಗಳಲ್ಲಿ ಮೆನ್ಜೊಬೆರಾನ್‌ಜನ್‌ನೊಳಗೇ ದೇವತೆಯ ವಿರುದ್ಧ ಅಂತರ್ಯುದ್ಧವೂ ನಡೆಯುತ್ತದೆ. ಲೋಲ್ತ್ ಮೋಸ ಮಾಡಿದಳು, ಜನ ಕೆಟ್ಟವರಲ್ಲ ಎಂಬುದು ಈಗಿನ ವಾದ. ಎಲ್ಲ ತಪ್ಪನ್ನೂ ದೇವತೆಯ ಲೆಕ್ಕಕ್ಕೆ ಬರೆದರೆ ಸುಲಭ, ಅಲ್ವಾ? ಒಂದರಿಂದ ಎಂಟರವರೆಗಿನ ಆ ಮನೆಗಳಿಗೆ ಮೆಟ್ಟಿಲು ಬೇಕಿತ್ತು, ಕೆಳಗೆ ಗುಲಾಮರು ಬೇಕಿದ್ದರು. ಲೋಲ್ತ್ ಇಲ್ಲದಿದ್ದರೆ ಆ ಮೆಟ್ಟಿಲು ಉಳಿಯುತ್ತಿತ್ತೇ ಎಂದು ಈ ಜಗಳದಲ್ಲಿ ಗಟ್ಟಿಯಾಗಿ ಕೇಳಿದವರು ಕಡಿಮೆ.