ಕ್ಯೂ ಸ್ಟಾಪ್ ಮಾಡಿದ್ದೆ, ಆದರೂ ಕ್ರ್ಯಾಶ್ ಯಾಕೆ?

ಪ್ರಶ್ನೆ: ಡಿಸ್ಕ್ ರೀಸೆಟ್‌ಗೆ ಮೊದಲು ಡ್ರೈವರ್‌ನಲ್ಲಿ ಕ್ಯೂ ಸ್ಟಾಪ್ ಮಾಡ್ತೀನಿ ಸಾರ್. ಆದರೂ ಆಗಾಗ ಕರ್ನಲ್ ಕ್ರ್ಯಾಶ್ ಆಗುತ್ತೆ. ಯಾಕೆ?

ಈ ಮಳೆಗಾಲದಲ್ಲೇ ಇದಕ್ಕೆ ನಾಲ್ಕನೇ ಸಲ ಉತ್ತರ ಬರೆಯುತ್ತಿದ್ದೇನೆ. ಡಿಸ್ಕಿಗೆ ಹೋಗುವ ರಿಕ್ವೆಸ್ಟ್‌ಗಳನ್ನು (ಓದು, ಬರೆ ಅನ್ನುವ ಕೋರಿಕೆಗಳನ್ನು) ಹಲವು ಕ್ಯೂಗಳಲ್ಲಿ ಸಾಗಿಸುವ ಬಿಎಲ್‌ಕೆ-ಎಂಕ್ಯೂ ಲಿನಕ್ಸ್‌ಗೆ ಬಂದಿದ್ದು 2014ರಲ್ಲಿ. ಇಷ್ಟು ವರ್ಷವಾದರೂ ಒಂದು ತಪ್ಪು ನಂಬಿಕೆ ಹೋಗಿಲ್ಲ: ಸ್ಟಾಪ್ ಅಂದರೆ ಎಲ್ಲ ನಿಂತಿತು ಅನ್ನೋದು.

ನಿಲ್ಲುವುದಿಲ್ಲ. ಸ್ಟಾಪ್ ಫಂಕ್ಷನ್ ಹಾರ್ಡ್‌ವೇರ್ ಕ್ಯೂ ಮೇಲೆ ಒಂದು ಗುರುತು ಹಾಕಿ ವಾಪಸ್ ಬರುತ್ತದೆ. ಯಾರಿಗೂ ಕಾಯುವುದಿಲ್ಲ. ಆಗುಂಬೆಯಲ್ಲಿ ಗೇಟ್ ಹಾಕಿದ ತಕ್ಷಣ ಘಾಟಿ ಖಾಲಿ ಆಗುತ್ತದಾ? ಆಗಲೇ ಒಳಗೆ ಇಳಿದ ಲಾರಿ ಯಾವುದೋ ತಿರುವಿನಲ್ಲಿ ಇರುತ್ತದೆ. ಅಷ್ಟರಲ್ಲಿ ನೀವು ರಸ್ತೆ ಅಗೆದರೆ?

ಹೋದ ವಾರ ಸಾಗರದ ಹುಡುಗನೊಬ್ಬ ತಂದ ಲಾಗ್‌ನಲ್ಲಿ ಇದೇ ಆಗಿತ್ತು. ಒಂದು ಸಿಪಿಯು ಸ್ಟಾಪ್ ಕರೆದು, ಮುಂದಿನ ಸಾಲಿನಲ್ಲೇ ಕಮಾಂಡ್ ರಿಂಗ್‌ನ (ಡಿವೈಸ್‌ಗೆ ಕಮಾಂಡ್ ಬರೆದಿಡುವ ಜಾಗದ) ಮೆಮೊರಿ ಫ್ರೀ ಮಾಡಿದೆ. ಇನ್ನೊಂದು ಸಿಪಿಯು ಗುರುತು ನೋಡುವ ಜಾಗ ದಾಟಿ, ಆಗಲೇ ಕ್ಯೂ_ಆರ್‌ಕ್ಯೂ (ರಿಕ್ವೆಸ್ಟನ್ನು ಡಿವೈಸ್‌ಗೆ ಕೊಡುವ ಡ್ರೈವರ್ ಫಂಕ್ಷನ್) ಒಳಗಿತ್ತು. ಅದು ಬರೆದಿದ್ದು ಫ್ರೀ ಆದ ಮೆಮೊರಿಗೆ.

"ನಡುವೆ ಹತ್ತು ಮಿಲಿಸೆಕೆಂಡ್ ಸ್ಲೀಪ್ ಹಾಕ್ಲಾ ಸಾರ್?" ಅಂದ.

ಬೇಡಪ್ಪ. ಸ್ಲೀಪ್ ಹಾಕಿದರೆ ಕ್ರ್ಯಾಶ್ ಅಪರೂಪ ಆಗುತ್ತದೆ ಅಷ್ಟೇ, ಹೋಗುವುದಿಲ್ಲ. ಅಪರೂಪದ್ದನ್ನು ಹಿಡಿಯೋದು ಇನ್ನೂ ಕಷ್ಟ. ಸ್ಟಾಪ್ ಇರೋದು ಬೇರೆ ಕೆಲಸಕ್ಕೆ. ಡಿವೈಸ್‌ನ ರಿಂಗ್ ತುಂಬಿದಾಗ ನಿಲ್ಲಿಸಿ, ಒಂದು ರಿಕ್ವೆಸ್ಟ್ ಮುಗಿದು ಜಾಗ ಆದಾಗ ಮತ್ತೆ ಶುರು ಮಾಡೋದಕ್ಕೆ. ವರ್ಚುವಲ್ ಮಷೀನಿನ ಡಿಸ್ಕಿಗಿರುವ ವರ್ಟಿಯೋ ಬ್ಲಾಕ್ ಡ್ರೈವರ್ ಹಾಗೇ ಬಳಸುತ್ತದೆ. ಡಿಸ್ಪ್ಯಾಚ್ (ರಿಕ್ವೆಸ್ಟ್ ಡ್ರೈವರ್‌ಗೆ ಕಳಿಸೋದು) ಪೂರ್ತಿ ನಿಲ್ಲಬೇಕಿದ್ದರೆ ಕ್ವಯೆಸ್ ಫಂಕ್ಷನ್ ಬಳಸಿ ಅಂತ ಸ್ಟಾಪ್ ಫಂಕ್ಷನ್‌ನ ಮೇಲಿನ ಕಾಮೆಂಟ್‌ನಲ್ಲೇ ಬರೆದಿದೆ. ದಯವಿಟ್ಟು ಒಮ್ಮೆ ಓದಿ.

ಕ್ವಯೆಸ್ ಗೇಟ್ ಹಾಕಿ, ಘಾಟಿ ಖಾಲಿ ಆಗುವ ತನಕ ಕಾಯುತ್ತದೆ. ಅದು ವಾಪಸ್ ಬಂದಾಗ ಕ್ಯೂ_ಆರ್‌ಕ್ಯೂ ಒಳಗೆ ಯಾರೂ ಇರುವುದಿಲ್ಲ, ಹೊಸಬರೂ ಬರುವುದಿಲ್ಲ. ಆದರೆ ಆಗಲೇ ಘಾಟಿ ಇಳಿದು ಸೋಮೇಶ್ವರ ದಾಟಿದ ಲಾರಿ, ಅಂದರೆ ಡಿವೈಸ್ ಕೈ ಸೇರಿದ ರಿಕ್ವೆಸ್ಟ್, ಯಾವಾಗ ಬೇಕಾದರೂ ಮುಗಿಯಬಹುದು. ಹಾಗಾಗಿ ಮೊದಲು ಡಿವೈಸ್ ನಿಲ್ಲಿಸಿ, ಬಾಕಿ ರಿಕ್ವೆಸ್ಟ್‌ಗಳನ್ನು ಕ್ಯಾನ್ಸಲ್ ಮಾಡಿ, ಆಮೇಲೆ ರಿಂಗ್ ಮುಟ್ಟಿ. ರೀಸೆಟ್ ಮುಗಿದ ಮೇಲೆ ಅನ್‌ಕ್ವಯೆಸ್ ಕರೆದು ಗೇಟ್ ತೆಗೆಯಿರಿ. ಇದಕ್ಕೆ ಎಣಿಕೆ ಇದೆ: ಎರಡು ಸಲ ಮುಚ್ಚಿದರೆ ಎರಡು ಸಲ ತೆಗೆಯಬೇಕು.

ಫ್ರೀಜ್ ಅನ್ನೋ ಇನ್ನೊಂದು ಫಂಕ್ಷನ್ ಇನ್ನೂ ಬಿಗಿ. ಹೊಸ ರಿಕ್ವೆಸ್ಟ್ ಹುಟ್ಟಲಿಕ್ಕೇ ಬಿಡದೆ, ಹೋದದ್ದೆಲ್ಲ ಮುಗಿಯುವ ತನಕ ಕಾಯುತ್ತದೆ. ಸತ್ತ ಡಿವೈಸ್ ಮುಂದೆ ಹಾಗೆ ಕಾದರೆ ಕಾಯುತ್ತಲೇ ಇರಬೇಕು. ಕ್ವಯೆಸ್ ಬಿಡಿಸದೆ ಫ್ರೀಜ್‌ಗೆ ಕಾದರೂ ಅದೇ ಕಥೆ, ಒಳಗಿರುವ ರಿಕ್ವೆಸ್ಟ್‌ಗೆ ಹೋಗಲು ದಾರಿ ಇರುವುದಿಲ್ಲ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ನಮ್ಮ ಕಡೆ ಜುಲೈನಲ್ಲಿ ಕರೆಂಟ್ ಹೇಗಿರುತ್ತದೆ ಗೊತ್ತಲ್ಲ. ಫ್ರೀಜ್ ಆಯಿತು ಅಂದ ಮಾತ್ರಕ್ಕೆ ಡೇಟಾ ಉಳಿಯಿತು ಅಂತಲ್ಲ. ಡಿಸ್ಕ್ "ಆಯ್ತು" ಅಂದಿದೆ ಅಷ್ಟೇ, ಡೇಟಾ ಇನ್ನೂ ಅದರ ಕ್ಯಾಶ್‌ನಲ್ಲೇ (ಕರೆಂಟ್ ಹೋದರೆ ಅಳಿಸಿಹೋಗಬಹುದಾದ ತಾತ್ಕಾಲಿಕ ಮೆಮೊರಿಯಲ್ಲೇ) ಇರಬಹುದು. ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಮಾಹಿತಿಯನ್ನು ಫೈಲ್‌ಗಳಾಗಿ ತೋರಿಸುವ ಜಾಗ) ಆ ಡಿಸ್ಕಿನ ರೈಟ್ ಕ್ಯಾಶ್ ಫೈಲ್ ತೆರೆದು ನೋಡಿ. 'ರೈಟ್ ಬ್ಯಾಕ್' ಅಂತಿದ್ದರೆ, ಪವರ್ ತೆಗೆಯುವ ಮೊದಲು ಒಂದು ಫ್ಲಶ್ (ಕ್ಯಾಶ್‌ನಲ್ಲಿರುವುದನ್ನು ಡಿಸ್ಕಿಗೆ ಇಳಿಸುವ ಕಮಾಂಡ್) ಕಳಿಸಿ, ಅದು ಮುಗಿಯುವ ತನಕ ಕಾಯಿರಿ.