ತಾರೀಖು ತಪ್ಪಿದರೆ ಮದುವೆಯೂ ಸುಳ್ಳಾ?

1843ರ ಮೇ 11. ಅಮೆರಿಕದ ಇಲಿನಾಯ್ ರಾಜ್ಯ, ಮಿಸಿಸಿಪ್ಪಿ ನದಿಯ ದಂಡೆ. ಊರಿನ ಹೆಸರು ನಾವೂ (ನಮ್ಮನ್ನೂ ಸೇರಿಸಿಕೊಂಡ ಹಾಗಿದೆ, ಅಲ್ವಾ). ಆ ದಿನ ತನ್ನ ಮದುವೆ ಆಯಿತು ಅಂತ ಎಮಿಲಿ ಪಾರ್ಟ್ರಿಜ್ 26 ವರ್ಷ ಕಳೆದ ಮೇಲೆ ಪ್ರಮಾಣ ಮಾಡಿ ಬರೆದುಕೊಟ್ಟಳು. ಗಂಡು, ಮಾರ್ಮನ್ ಪಂಥ ಕಟ್ಟಿದ ಜೋಸೆಫ್ ಸ್ಮಿತ್. ಎದುರಿಗೇ ನಿಂತು ಒಪ್ಪಿಗೆ ಕೊಟ್ಟವಳು ಅವನ ಮೊದಲ ಹೆಂಡತಿ ಎಮ್ಮಾ. ಶಾಸ್ತ್ರ ನಡೆಸಿಕೊಟ್ಟವರು ಜಡ್ಜ್ ಜೇಮ್ಸ್ ಆಡಮ್ಸ್.

ಈಗ ಜೋಸೆಫನ ಡೈರಿ ತೆಗೆದು ನೋಡಿ. ಅವನ ಗುಮಾಸ್ತ ಬರೆಯುತ್ತಿದ್ದ ಡೈರಿ ಅದು. ಮೇ 11ರ ಪುಟದಲ್ಲಿ ಎಮ್ಮಾ ಹೊಸ ಸಾರೋಟು ಹತ್ತಿ ಕ್ವಿನ್ಸಿ ಊರಿಗೆ ಹೊರಟಳು ಅಂತಿದೆ. ಜಡ್ಜ್ ಸಾಹೇಬರು ನಾವೂಗೆ ಬಂದಿದ್ದೇ ಮೇ 21ಕ್ಕೆ.

'ನೋಡಿ, ಸಿಕ್ಕಿಬಿದ್ದಳು' ಅನ್ನುವವರು ಇವತ್ತಿಗೂ ಇದ್ದಾರೆ. ಎಮಿಲಿ ಸುಳ್ಳಿ, ಬಹುಪತ್ನಿತ್ವ ಅನ್ನೋದು ಆಮೇಲೆ ಯೂಟಾದವರು (ಜೋಸೆಫ್ ಸತ್ತ ಮೇಲೆ ಯೂಟಾಕ್ಕೆ ವಲಸೆ ಹೋದ ಮಾರ್ಮನ್ನರು) ಕಟ್ಟಿದ ಕಥೆ, ಜೋಸೆಫನಿಗೆ ಇದ್ದಿದ್ದು ಒಬ್ಬಳೇ ಹೆಂಡತಿ, ಇಷ್ಟು ದೂರ ಒಂದೇ ನೆಗೆತಕ್ಕೆ ಹಾರಿಬಿಡುತ್ತಾರೆ. ನನಗೆ ತಾಳ್ಮೆ ಕೆಡುವುದು ಇಲ್ಲೇ. ನೆನಪು ಕೆಲಸ ಮಾಡುವ ರೀತಿಯೇ ಬೇರೆ. ಯಾರು ಎಲ್ಲಿ ನಿಂತಿದ್ದರು, ಯಾರ ಮುಖ ಬಾಡಿತ್ತು, ಇದನ್ನೆಲ್ಲ ಮನಸ್ಸು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ತಾರೀಖು ಮೊದಲು ಉದುರುತ್ತದೆ. ಪಾತ್ರೆ ನಮ್ಮದೇ, ಮೇಲೆ ಕೆತ್ತಿಸಿದ ಇಸವಿ ಮಾತ್ರ ಸವೆದುಹೋದ ಹಾಗೆ.

ಎಮಿಲಿ ಹೇಳಿದ ಉಳಿದ ಕಥೆ ಕೇಳಿ. ಅವಳಿಗೆ ಆಗ ಬರೀ 19. ಸ್ಮಿತ್ ಮನೆಯಲ್ಲೇ ವಾಸ. ಅವಳ ಪ್ರಕಾರ ಮೇ ತಿಂಗಳದ್ದು ಎರಡನೇ ಮದುವೆ, ಅದೂ ಅದೇ ಗಂಡಿನ ಜೊತೆ! ಮೊದಲನೆಯದು ಮಾರ್ಚ್ 4ರಂದು ಎಮ್ಮಾಗೆ ಗೊತ್ತಿಲ್ಲದ ಹಾಗೆ ಆಗಿಹೋಗಿತ್ತು. ಅಕ್ಕ ಎಲೈಜಾಳದ್ದೂ ನಾಲ್ಕು ದಿನದ ಮೇಲೆ ಹಾಗೇ. ಆಮೇಲೆ ಎಮ್ಮಾ ಒಪ್ಪಿದಳು, ತಾನೇ ಹೆಣ್ಣು ಆರಿಸುತ್ತೇನೆ ಅಂದಳು, ಆರಿಸಿದ್ದು ಇದೇ ಅಕ್ಕತಂಗಿಯರನ್ನು. ಮನೆಯಲ್ಲಿ ರಂಪ ಬೇಡ ಅಂತ ಸುಮ್ನೆ ಇನ್ನೊಮ್ಮೆ ಶಾಸ್ತ್ರ ಮಾಡಿದರು. ಕಥೆ ಕಟ್ಟುವವರು ತಮ್ಮ ಪ್ರವಾದಿಗೇ ಮುಜುಗರ ತರುವ ಇಂಥ ಕಥೆ ಕಟ್ಟುತ್ತಾರಾ? ಬಹುಶಃ ಈ ಎರಡನೇ ಮದುವೆ ಆದದ್ದು ಮೇ 23 ಇರಬೇಕು ಅನ್ನುವುದು ಕೆಲವು ಇತಿಹಾಸಕಾರರ ಲೆಕ್ಕ.

ಹಾಗಂತ ಯೂಟಾದವರ ಕಾಗದಗಳನ್ನೆಲ್ಲ ಕಣ್ಣುಮುಚ್ಚಿ ನಂಬಿ ಅಂತಲ್ಲ. 1835ರಲ್ಲಿ ಈ ಪಂಥವೇ ಒಬ್ಬನಿಗೆ ಒಬ್ಬಳೇ ಹೆಂಡತಿ ಅಂತ ಅಚ್ಚು ಹಾಕಿಸಿತ್ತು. 1844ರ ಮೇ ತಿಂಗಳಲ್ಲಿ, ಜೈಲಿನಲ್ಲಿ ಗುಂಡಿಗೆ ಬಲಿಯಾಗುವ ಒಂದು ತಿಂಗಳ ಮುಂಚೆ, ನನಗೆ ಏಳು ಹೆಂಡಿರು ಅಂತಾರೆ, ನನಗೆ ಕಾಣುವುದು ಒಬ್ಬಳೇ ಅಂತ ಜೋಸೆಫ್ ಸಭೆಯಲ್ಲೇ ಹೇಳಿದ. ಯೂಟಾಕ್ಕೆ ಹೋದವರು 1852ರಲ್ಲಿ ಹೌದು, ಈ ಪದ್ಧತಿ ನಮ್ಮಲ್ಲಿದೆ ಅಂತ ಬಹಿರಂಗ ಮಾಡಿದರು. ಜೋಸೆಫನ ಸ್ವಂತ ಮಗ ಬೇರೆ ಗುಂಪಿನ ಮುಖ್ಯಸ್ಥನಾಗಿ, ನಮ್ಮಪ್ಪ ಅಂಥವರಲ್ಲ ಅಂತ ವಾದಕ್ಕೆ ನಿಂತ. ಅವನ ಬಾಯಿ ಮುಚ್ಚಿಸಬೇಕು ಅಂತಲೇ 1869ರಲ್ಲಿ ಯೂಟಾದಲ್ಲಿದ್ದ ಆ ಮಗನ ದಾಯಾದಿ ತಮ್ಮ ಜೋಸೆಫ್ ಎಫ್. ಸ್ಮಿತ್ ಅಫಿಡವಿಟ್ ಪುಸ್ತಕ ತೆರೆದ. ಎಮಿಲಿಯ ಹೇಳಿಕೆ ಸೇರಿದ್ದು ಆ ಪುಸ್ತಕಕ್ಕೆ. ಅತ್ತ ಎಮ್ಮಾ 1879ರಲ್ಲಿ, ಸಾಯುವ ಕೆಲವೇ ತಿಂಗಳ ಮುಂಚೆ, ನನ್ನ ಗಂಡನಿಗೆ ನಾನೊಬ್ಬಳೇ ಹೆಂಡತಿ ಅಂದಳು. ಪ್ರಶ್ನೆ ಕೇಳಿದ್ದು ಯಾರು? ಅದೇ ಮಗ. ತಾಯಿ ಇನ್ನೇನು ಹೇಳಬೇಕಿತ್ತು? ಅಂದರೆ ಎರಡೂ ಕಡೆಯ ಸಾಕ್ಷಿ, ದಾವೆ ಶುರುವಾದ ಮೇಲೆ ಹುಟ್ಟಿದ್ದು.

ಅದಕ್ಕೇ ನನಗೆ ಪ್ರೀತಿ ಜಾಸ್ತಿ ಇರುವುದು ಜೋಸೆಫನ ಇನ್ನೊಬ್ಬ ಗುಮಾಸ್ತ ವಿಲಿಯಂ ಕ್ಲೇಟನ್‌ನ ಖಾಸಗಿ ಡೈರಿಯ ಮೇಲೆ. 1843ರ ಮೇ 1ರಂದು ಅವನು ಬರೆದದ್ದು ಇಷ್ಟೇ: ಬೆಳಿಗ್ಗೆ ದೇವಾಲಯದಲ್ಲಿ ಇದ್ದೆ, ಹತ್ತಕ್ಕೆ 'ಜೆ'ಗೂ 'ಎಲ್.ಡಬ್ಲ್ಯೂ.'ಗೂ ಮದುವೆ. 'ಮದುವೆ' ಅನ್ನುವ ಪದವನ್ನೂ ಒಂದೇ ಅಕ್ಷರಕ್ಕೆ ಇಳಿಸಿದ್ದಾನೆ. ಹೆದರಿಕೆ ಅಷ್ಟಿತ್ತು. ಎಷ್ಟೋ ವರ್ಷದ ಮೇಲೆ ಲೂಸಿ ವಾಕರ್ ಅನ್ನುವ ಹೆಂಗಸು, ಮೇ 1ಕ್ಕೆ ನನಗೂ ಜೋಸೆಫನಿಗೂ ಮದುವೆ ಮಾಡಿಸಿದ್ದು ಕ್ಲೇಟನ್ ಅಂತ ಹೇಳಿದಳು. ಯಾರಿಗೂ ತೋರಿಸಲು ಬರೆಯದ ಒಂದು ಸಾಲು, ಎಲ್ಲರಿಗೂ ಹೇಳಲು ಬಂದ ಒಂದು ಮಾತು, ಎರಡೂ ಒಂದಕ್ಕೊಂದು ಕೂತುಬಿಟ್ಟವು.

ಇನ್ನು ಡಿಎನ್‌ಎ. ಇದರ ಬಗ್ಗೆ ಹಬ್ಬಿರುವ ತಪ್ಪು ತಿಳಿವಳಿಕೆಗೆ ಲೆಕ್ಕವೇ ಇಲ್ಲ. 'ಡಿಎನ್‌ಎ ಟೆಸ್ಟ್ ಆಯ್ತಂತೆ, ಹೆಂಡಿರ ಕಥೆ ಎಲ್ಲ ಸುಳ್ಳಂತೆ!' ಅಲ್ಲ ಸ್ವಾಮಿ. ಡಿಎನ್‌ಎ ಹೇಳುವುದು ಮಗು ಯಾರದ್ದು ಅಂತ. ಮದುವೆ ಆಗಿತ್ತಾ ಅಂತ ಅದಕ್ಕೇನು ಗೊತ್ತು?

ವೈ ಕ್ರೋಮೋಸೋಮ್ ಗೋತ್ರದ ಹಾಗೆ. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ, ಹೆಚ್ಚುಕಡಿಮೆ ಹಾಗೇ ದಾಟುತ್ತದೆ. ಓಟದಲ್ಲಿ ಕೈಯಿಂದ ಕೈಗೆ ಹೋಗುವ ಕೋಲು ಅನ್ನಿ, ಅಥವಾ ಅಣೆಕಟ್ಟೇ ಇಲ್ಲದ ಒಂದೇ ಕಾಲುವೆ. ಹಾಗಾಗಿ ಜೋಸೆಫನ ಗಂಡು ಸಂತತಿಯ ರಕ್ತವನ್ನೂ, ಇವನೂ ಅವನ ಮಗ ಅಂತ ಗುಮಾನಿ ಇದ್ದವರ ಗಂಡು ಸಂತತಿಯ ರಕ್ತವನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಊಗೋ ಪೆರೇಗೋ ಎಂಬ ತಳಿವಿಜ್ಞಾನಿ ಇದನ್ನೇ ಮಾಡಿದ. ಮೊರೊನಿ ಪ್ರ್ಯಾಟ್ ಅಲ್ಲ, ಆಲಿವರ್ ಬ್ಯೂಯೆಲ್ ಅಲ್ಲ, ಹೀಗೆ ಒಬ್ಬೊಬ್ಬರೇ ಪಟ್ಟಿಯಿಂದ ಹೊರಬಿದ್ದರು. ಈ ಬ್ಯೂಯೆಲ್‌ನ ಫೋಟೋ ನೋಡಿ ಥೇಟ್ ಜೋಸೆಫನ ಮುಖ ಅಂತ ಒಂದು ಜೀವನಚರಿತ್ರೆಯಲ್ಲಿ ಬರೆದಿದ್ದರು. ಮುಖ ನೋಡಿ ಮಣೆ ಹಾಕಿದ್ದು!

ಹೆಣ್ಣುಮಕ್ಕಳ ವಿಚಾರಕ್ಕೆ ಬಂದರೆ ಈ ದಾರಿ ಬಂದ್. ಜೋಸೆಫೀನ್ ಲಯನ್ ಹುಟ್ಟಿದ್ದು 1844ರ ಫೆಬ್ರವರಿ 8ಕ್ಕೆ. ತಾಯಿ ಸಿಲ್ವಿಯಾ, ಅವಳ ಗಂಡ ವಿಂಡ್ಸರ್ ಲಯನ್. 1882ರಲ್ಲಿ ಸಾವಿನ ಹಾಸಿಗೆಯಲ್ಲಿ ಸಿಲ್ವಿಯಾ ಮಗಳನ್ನು ಕರೆದು, ನೀನು ಜೋಸೆಫ್ ಸ್ಮಿತ್‌ನ ಮಗಳು, ನಾನು ಅವರಿಗೆ 'ಸೀಲ್' ಆಗಿದ್ದೆ ಅಂದಳಂತೆ. ಮಗಳು ಇದನ್ನು ಬರೆದುಕೊಟ್ಟಿದ್ದು 1915ರಲ್ಲಿ. ಹೆಣ್ಣಿಗೆ ವೈ ಇಲ್ಲ, ಹಾಗಾಗಿ ಉಳಿದ ಡಿಎನ್‌ಎಯನ್ನೇ ಜರಡಿ ಹಿಡಿಯಬೇಕು. ಅದು ಪ್ರತಿ ತಲೆಮಾರಿಗೂ ಅರ್ಧ ಚೆಲ್ಲಿ ಅರ್ಧ ನೀರು ಬೆರೆಸಿದ ಮಜ್ಜಿಗೆ. ಐದಾರು ಸಲ ಬೆರೆಸಿದ ಮೇಲೆ ಯಾವ ಮನೆಯ ಮೊಸರು ಅಂತ ಹೇಳಿ ನೋಡೋಣ! ಸಾಲದ್ದಕ್ಕೆ ಯೂಟಾದ ಹಳೇ ಮನೆತನಗಳು ಬೀಗರ ಮೇಲೆ ಬೀಗರು. ಒಂದೇ ಕೆರೆಯ ನೀರು ನಾಲ್ಕು ತೂಬಿನಿಂದ ಅದೇ ಗದ್ದೆಗೆ ಬಂದರೆ ಯಾವ ತೂಬಿನದ್ದು ಅಂತ ಹೇಗೆ ಹೇಳುತ್ತೀರಿ? ಕೊನೆಗೆ 2016ರಲ್ಲಿ ಪೆರೇಗೋ ಉತ್ತರ ಕೊಟ್ಟ. ಜೋಸೆಫೀನ್ ವಿಂಡ್ಸರ್ ಲಯನ್‌ನ ಮಗಳೇ.

ಹಾಗಾದರೆ ಸಿಲ್ವಿಯಾ ಸುಳ್ಳು ಹೇಳಿದಳಾ? ಸೀಲಿಂಗ್ ಅಂದರೆ ಬರೀ ಮದುವೆ ಅಲ್ಲ. ಸತ್ತ ಮೇಲೂ ಬಿಡದ ಗಂಟು ಹಾಕುವ ಶಾಸ್ತ್ರ ಅದು. ಕೆಲವು ಸಂಬಂಧ ಈ ಲೋಕಕ್ಕೂ ಸೇರಿ, ಕೆಲವು ಪರಲೋಕಕ್ಕೆ ಮಾತ್ರ. ಜೋಸೆಫ್ ಸತ್ತ ಮೇಲೂ ಅವನ ಪರವಾಗಿ ಇನ್ನೊಬ್ಬ ಗಂಡಸನ್ನು ನಿಲ್ಲಿಸಿ ಹೆಂಗಸರನ್ನು ಅವನಿಗೆ ಸೀಲ್ ಮಾಡಿದ್ದಾರೆ. ಹೆಂಡಿರೆಷ್ಟು ಅಂದರೆ 30ರಿಂದ 40 ಅಂತ ಯೂಟಾದ ಚರ್ಚಿನವರು ಈಗ ಒಪ್ಪಿಕೊಂಡಿರುವುದೂ ಅಂದಾಜಿನ ಲೆಕ್ಕವೇ. 'ಮಗಳು' ಅಂದಾಗ ಸಿಲ್ವಿಯಾ ಹೊಟ್ಟೆಯ ನಂಟು ಹೇಳಿದಳೋ, ಆ ಗಂಟಿನ ನಂಟು ಹೇಳಿದಳೋ, ಯಾವ ಲ್ಯಾಬೂ ಹೇಳಲಾರದು.

1869ರ ಅಫಿಡವಿಟ್ ಪುಸ್ತಕದಲ್ಲಿ ಸಿಲ್ವಿಯಾ ಹೆಸರಲ್ಲೂ ಒಂದು ಹಾಳೆ ತಯಾರಾಗಿತ್ತು. ಒಂದು ಪ್ರತಿಯಲ್ಲಿ ಸೀಲಿಂಗ್ ಆದದ್ದು 1842 ಅಂತಿದೆ, ಇನ್ನೊಂದರಲ್ಲಿ 1843. ತಿಂಗಳು, ದಿನ ಎರಡರಲ್ಲೂ ಒಂದೇ, ಫೆಬ್ರವರಿ 8. ಜೋಸೆಫೀನ್ ಹುಟ್ಟಿದ ದಿನ! ಎರಡರಲ್ಲೂ ಸಿಲ್ವಿಯಾ ಸಹಿ ಹಾಕಬೇಕಿದ್ದ ಜಾಗ ಖಾಲಿ.